ಪಣಕ್ಕಿಟ್ಟ ಮುಡಿ

ಸೋಲು ಯಾರದು, ಗೆಲುವು ಯಾರದು ಎಂಬುದು ಮೊದಲೇ ಗೊತ್ತಿರುವ ಕಾಳಗವನ್ನು ಇರುಳೆಲ್ಲ ಎವೆಯಿಕ್ಕದೆ ನೋಡುವ ಜನ ಲೋಕದಲ್ಲಿ ಉಂಟೆ ಎಂದು ಪರವೂರಿನವರು ಕೇಳಿದರೆ, ಭಟ್ಕಳ, ಹೊನ್ನಾವರ, ಕುಮಟೆಗಳ ನಮ್ಮ ಕಡೆಯ ಮಂದಿ ನಸುನಕ್ಕು ಸುಮ್ಮನಾದಾರು. ಕೀಚಕನು ಭೀಮನ ಕೈಯಲ್ಲಿ ಸಾಯುವನೆಂಬುದು ಕೊಯ್ಲು ಮುಗಿದ ಗದ್ದೆಯಲ್ಲಿ ಚಾಪೆ ಹಾಸಿ ಕುಳಿತ ಅಜ್ಜಿಗೂ ಗೊತ್ತು. ಆಕೆಯ ಮಗ್ಗುಲಲ್ಲಿ ತೂಕಡಿಸುವ ಮೊಮ್ಮಗನಿಗೂ ಗೊತ್ತು. ಆದರೂ ಚಂಡೆಯ ಸದ್ದು ಏರಿ, ಕೀಚಕನ ವೇಷ ರಂಗಸ್ಥಳಕ್ಕೆ ನುಗ್ಗಿದೊಡನೆ ಅಜ್ಜಿಯ ಎದೆ ಡವಗುಟ್ಟುತ್ತದೆ. ಸೈರಂಧ್ರಿಯ ಮೊರೆ ಕೇಳಿ ಕಣ್ಣು ತೇವವಾಗುತ್ತದೆ. ಇಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ಲ. ನೋಡುವವರು ತಿಳಿದೇ ನಂಬಿದ್ದಾರೆ. ಕುಣಿಯುವವರು ಆ ನಂಬಿಕೆಯ ಹೊಣೆಯನ್ನು ತಿಳಿದೇ ಹೊತ್ತಿದ್ದಾರೆ.

ಇಂಥದೇ ಒಂದು ರಂಗಸ್ಥಳ ಜಪಾನು ದೇಶದಲ್ಲಿದೆ. ನಾಲ್ಕು ಮೂಲೆಗಳಲ್ಲಿ ಕಂಬ ನೆಟ್ಟು, ಮೂರು ಸುತ್ತು ಹಗ್ಗ ಬಿಗಿದ ಎತ್ತರದ ಅಟ್ಟ ಅದು. ಅದರ ಮೇಲೆ ನಡೆಯುವ ಆಟಕ್ಕೆ ಅಲ್ಲಿಯವರು ‘ಪುರೋರೆಸು’ ಎನ್ನುತ್ತಾರೆ. ಪ್ರೊಫೆಷನಲ್ ರೆಸ್ಲಿಂಗ್ ಎಂಬ ಇಂಗ್ಲಿಷು ಮಾತನ್ನು ಜಪಾನೀ ನಾಲಗೆ ತನಗೆ ಒಗ್ಗುವಂತೆ ಮೊಟಕುಮಾಡಿಕೊಂಡ ರೂಪವಿದು. ನಮ್ಮ ಗರಡಿಯ ಕುಸ್ತಿಗೂ ಇದಕ್ಕೂ ಹೆಸರಿನ ನಂಟೇ ಹೊರತು ಸ್ವಭಾವದ ನಂಟು ಕಡಿಮೆ. ಯಾರು ಗೆಲ್ಲಬೇಕೆಂಬುದನ್ನು ಆಟ ಕಟ್ಟುವವರು ಮೊದಲೇ ಗೊತ್ತುಮಾಡಿರುತ್ತಾರೆ. ಆದರೆ ಎತ್ತಿ ಒಗೆದಾಗ ಬೀಳುವ ಮೈ ನಿಜವಾದ ಮೈ; ಮುರಿಯುವ ಎಲುಬು ನಿಜವಾದ ಎಲುಬು; ಹಣೆಯೊಡೆದು ಹರಿಯುವ ನೆತ್ತರು ಹಲವು ಸಲ ನಿಜವಾದ ನೆತ್ತರು. ಕಥೆ ಕಟ್ಟಿದ್ದು, ನೋವು ಕಟ್ಟಿದ್ದಲ್ಲ. ಆ ಅಟ್ಟದ ಮೇಲೆ ಹೆಂಗಸರೂ ಸೆಣಸುತ್ತಾರೆ. ಒಂದು ಕಾಲದಲ್ಲಿ ಆ ದೇಶದ ಹೆಣ್ಣುಮಕ್ಕಳ ಹೃದಯವನ್ನೇ ಅವರು ಆಳಿದರು. ಅವರಲ್ಲಿ ಚಿಗುಸಾ ನಾಗಾಯೋ ಎಂಬಾಕೆಯ ವೃತ್ತಿಜೀವನವನ್ನು ವಾಚಕರ ಮುಂದಿರಿಸುವುದು ಈ ಲೇಖನದ ಉದ್ದೇಶ. ಎಲ್ಲಿಯ ಜಪಾನು, ಎಲ್ಲಿಯ ಶರಾವತಿಯ ಅಳಿವೆ ಎಂದು ಯಾರೂ ಹುಬ್ಬೇರಿಸಬೇಕಾಗಿಲ್ಲ. ಕಥೆ ಮುಂದುವರಿದಂತೆ ಅದು ನಮ್ಮ ಮನೆಯಂಗಳಕ್ಕೂ ಬರುತ್ತದೆ.

ಜಪಾನಿನಲ್ಲಿ ಹೆಂಗಸರ ಈ ಆಟ ಮೊದಲಾದುದು ಮಹಾಯುದ್ಧದ ಸೋಲಿನ ಬೂದಿಯಲ್ಲಿ. ೧೯೪೮ರಲ್ಲಿ ಇಗಾರಿ ಎಂಬ ಮನೆತನದ ಹಾಸ್ಯನಟ ಸೋದರರು ತಮ್ಮ ತಂಗಿ ಸಾದಾಕೊಳನ್ನು ಕಟ್ಟಿಕೊಂಡು, ದೇಶದಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರ ಮುಂದೆ ನಗೆಯಾಟದಂತೆ ಇದನ್ನು ಆಡಿ ತೋರಿಸಿದರು. ೧೯೫೪ರ ನವೆಂಬರಿನಲ್ಲಿ ಅಮೆರಿಕದ ಹೆಸರಾಂತ ಮಲ್ಲೆ ಮಿಲ್ಡ್ರೆಡ್ ಬರ್ಕ್ ತನ್ನ ಸಂಗಡಿಗರೊಡನೆ ಜಪಾನಿಗೆ ಬಂದು ಸೆಣಸಿದ ಮೇಲೆ, ನಗೆಯಾಟವು ವೃತ್ತಿಯ ಗಾಂಭೀರ್ಯವನ್ನು ಪಡೆಯಿತು. ೧೯೬೮ರಲ್ಲಿ ಮತ್ಸುನಾಗಾ ಸೋದರರು ಅಖಿಲ ಜಪಾನ್ ಮಹಿಳಾ ಮಲ್ಲಯುದ್ಧ ಸಂಸ್ಥೆಯನ್ನು ಸ್ಥಾಪಿಸಿದರು. ಟೆಲಿವಿಷನ್ನಿನ ನೆರವು ದೊರೆಯಿತು. ೧೯೭೬ರಲ್ಲಿ ಜಾಕಿ ಸಾತೊ, ಮಾಕಿ ಉಎದಾ ಎಂಬಿಬ್ಬರು ಜೋಡಿಯಾಗಿ ಅಟ್ಟವೇರಿ, ಕಾದಾಡುವುದರ ಜೊತೆಗೆ ಹಾಡತೊಡಗಿದರು. ಅಲ್ಲಿಯವರೆಗೆ ಗಂಡಸರೇ ತುಂಬಿರುತ್ತಿದ್ದ ಸಭಾಂಗಣಗಳಿಗೆ ಶಾಲೆಯ ಹುಡುಗಿಯರು ನುಗ್ಗಿ ಬಂದುದು ಆಗ.

ಚಿಗುಸಾ ಹುಟ್ಟಿದ್ದು ೧೯೬೪ರ ಅಕ್ಟೋಬರ್ ೮ರಂದು, ನಾಗಸಾಕಿ ಪ್ರಾಂತದ ಒಮುರಾ ಎಂಬ ಕಡಲಕರೆಯ ಊರಿನಲ್ಲಿ. ತಂದೆ ಯಂತ್ರದೋಣಿಗಳ ಪಂದ್ಯದಲ್ಲಿ ದೋಣಿ ಓಡಿಸುವವನು. ಗಂಡುಮಗುವನ್ನು ಬಯಸಿದ್ದ ಆತ ಹುಟ್ಟಿದ ಹೆಣ್ಣನ್ನೇ ಗಂಡಿನಂತೆ ಬೆಳೆಸಿದ. ಎಳೆಯ ವಯಸ್ಸಿನಲ್ಲಿಯೇ ಕರಾಟೆ ಕಲಿಸಿದ. ಮುಂದೆ ಮನೆಯ ಮೇಲೆ ಸಾಲದ ಹೊರೆ ಬಿತ್ತು. ಹದಿನೈದು ತುಂಬಿದ ಹುಡುಗಿ ಮನೆ ಬಿಟ್ಟು ಟೋಕಿಯೋ ಸೇರಿ, ಮತ್ಸುನಾಗಾ ಸೋದರರ ಸಂಸ್ಥೆಯಲ್ಲಿ ಶಿಷ್ಯೆಯಾದಳು. ೧೯೮೦ರ ಆಗಸ್ಟ್ ೮ರಂದು ಮೊದಲ ಬಾರಿಗೆ ಅಟ್ಟವೇರಿದಳು.

ನಮ್ಮ ಮೇಳಗಳಲ್ಲಿ ಹೊಸದಾಗಿ ಗೆಜ್ಜೆ ಕಟ್ಟಿದ ಹುಡುಗ ಮೊದಲು ಕೋಡಂಗಿಯಾಗಿ, ಬಾಲಗೋಪಾಲನಾಗಿ ಪೂರ್ವರಂಗದಲ್ಲಿ ಕುಣಿದು, ಹಿರಿಯರ ಕೈಕೆಳಗೆ ಚೌಕಿಯ ಕೆಲಸವನ್ನೆಲ್ಲ ಮಾಡಿ, ಆಮೇಲಷ್ಟೆ ಹೆಸರುಳ್ಳ ವೇಷಕ್ಕೆ ಏರುತ್ತಾನೆ. ಅಲ್ಲಿಯೂ ಹಾಗೆಯೇ. ಕಿರಿಯರು ಅಟ್ಟ ಕಟ್ಟಬೇಕು, ಬಿಚ್ಚಬೇಕು. ಹಿರಿಯರ ಬಟ್ಟೆ ಒಗೆಯಬೇಕು. ವರ್ಷದ ಬಹುಭಾಗ ಬಸ್ಸಿನಲ್ಲಿ ಊರೂರು ಸುತ್ತಬೇಕು. ಅದರ ಮೇಲೆ ಮೂರು ನಿಷೇಧಗಳು: ಮದ್ಯ ಕೂಡದು, ತಂಬಾಕು ಕೂಡದು, ಗಂಡಸಿನ ಸ್ನೇಹ ಕೂಡದು. ಇನ್ನೂ ಒಂದು ಕಟ್ಟಳೆ ಇತ್ತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲ ಎರಡು ಮೂರು ವರ್ಷ ಚಿಗುಸಾಳನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಬಿಟ್ಟುಹೋಗುವ ಯೋಚನೆಯೂ ಬಂದಿತ್ತು. ೧೯೮೩ರ ಆರಂಭದಲ್ಲಿ ತನ್ನ ಓರಗೆಯ ಲಯನೆಸ್ ಅಸುಕಾಳೊಡನೆ ಆಕೆಯ ಸೆಣಸಾಟ ಗೊತ್ತಾಯಿತು. ಇಬ್ಬರೂ ಕಲಿಸಿದ ಪಟ್ಟುಗಳನ್ನು ಬದಿಗಿರಿಸಿ, ಒಳಗೆ ಕಟ್ಟಿಕೊಂಡಿದ್ದ ನಿರಾಶೆಯನ್ನೆಲ್ಲ ಹೊರಗೆಡಹುವಂತೆ ಹೋರಾಡಿದರು. ನೋಡಿದವರು ಬೆರಗಾದರು. ಅದೇ ವರ್ಷದ ಆಗಸ್ಟಿನಲ್ಲಿ ಇಬ್ಬರೂ ಸೇರಿ ‘ಕ್ರಷ್ ಗಾಲ್ಸ್’ ಎಂಬ ಜೋಡಿಯಾದರು. ೧೯೮೪ರಲ್ಲಿ ಅವರ ಹಾಡಿನ ತಟ್ಟೆಯೂ ಹೊರಬಂದಿತು. ಅಲ್ಲಿಂದ ಮುಂದೆ ಜಪಾನಿನ ಹದಿಹರೆಯದ ಹುಡುಗಿಯರಿಗೆ ಈ ಇಬ್ಬರು ಬಹುಮಟ್ಟಿಗೆ ದೇವತೆಗಳೇ ಆದರು. ತಲೆಗೂದಲನ್ನು ಗಿಡ್ಡ ಕತ್ತರಿಸಿ, ಪೆಟ್ಟು ತಿಂದು, ಬಿದ್ದು, ಮತ್ತೆ ಏಳುವ ಚಿಗುಸಾಳಲ್ಲಿ ಅವರು ಕಂಡದ್ದು ಪರಾಕ್ರಮವನ್ನಲ್ಲ, ತಮ್ಮನ್ನು. ಮನೆಯಲ್ಲಿ, ಶಾಲೆಯಲ್ಲಿ ತಗ್ಗಿ ನಡೆಯಬೇಕೆಂಬ ಪಾಠವನ್ನೇ ಕೇಳಿ ಬೆಳೆದ ಹುಡುಗಿಯರಿಗೆ, ಬೀಳುವುದು ಅವಮಾನವಲ್ಲ, ಎದ್ದುನಿಲ್ಲುವುದು ಹೆಣ್ಣಿಗೂ ಸಲ್ಲುತ್ತದೆ ಎಂಬುದನ್ನು ಆಕೆ ಮೈಯಿಂದಲೇ ಹೇಳಿಕೊಟ್ಟಳು.

ನಾಯಕನಿದ್ದ ಮೇಲೆ ಪ್ರತಿನಾಯಕ ಬೇಡವೆ? ಡಂಪ್ ಮತ್ಸುಮೊತೊ ಎಂಬ ಭಾರಿ ಮೈಕಟ್ಟಿನ ಹೆಣ್ಣು ಆ ವೇಷವನ್ನು ತೊಟ್ಟಳು. ಈಕೆಯೂ ೧೯೮೦ರಲ್ಲಿಯೇ ಅಟ್ಟವೇರಿದವಳು, ಚಿಗುಸಾಳ ಸಹಪಾಠಿಯೇ. ಮುಖಕ್ಕೆ ಬಣ್ಣ ಬಳಿದು, ಕೈಯಲ್ಲಿ ಸರಪಳಿ, ಬಿದಿರಿನ ಕೋಲು ಹಿಡಿದು, ತನ್ನ ತಂಡಕ್ಕೆ ‘ಘೋರ ದುಷ್ಟಕೂಟ’ ಎಂಬರ್ಥದ ಹೆಸರಿಟ್ಟುಕೊಂಡು ಈಕೆ ಬಂದಾಗ ಸಭೆ ನಡುಗುತ್ತಿತ್ತು. ನಮ್ಮ ಬಣ್ಣದ ವೇಷದ ಒಡ್ಡೋಲಗವನ್ನು ಕಂಡವರಿಗೆ ಆ ಪ್ರವೇಶದ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ.

೧೯೮೫ರ ಆಗಸ್ಟ್ ೨೮ರಂದು ಓಸಾಕಾ ನಗರದ ಕೋಟೆಯ ಸಭಾಂಗಣದಲ್ಲಿ ಈ ಇಬ್ಬರೂ ಎದುರಾದರು. ಪಣವಾಗಿ ಇಟ್ಟದ್ದು ಹಣವಲ್ಲ, ತಲೆಗೂದಲು. ಸೋತವಳ ತಲೆಯನ್ನು ಅಟ್ಟದ ಮೇಲೆಯೇ, ಸಭೆಯ ಕಣ್ಣೆದುರಿನಲ್ಲಿಯೇ ಬೋಳಿಸತಕ್ಕದ್ದು. ಹಣೆಯಿಂದ ನೆತ್ತರು ಸುರಿಯುತ್ತ ಚಿಗುಸಾ ಸೋತಳು. ಆಕೆಯನ್ನು ಕುರ್ಚಿಯ ಮೇಲೆ ಕೂರಿಸಿ ಕೂದಲನ್ನು ತೆಗೆಯತೊಡಗಿದಾಗ, ಸಾವಿರಾರು ಹುಡುಗಿಯರು ಎದೆ ಬಡಿದುಕೊಂಡು ಅತ್ತರು. ಇದು ಆಟ, ಇದು ಮೊದಲೇ ಗೊತ್ತುಮಾಡಿದ್ದು ಎಂಬ ಸಮಾಧಾನ ಅಲ್ಲಿ ಯಾರಿಗೂ ನೆರವಾಗಲಿಲ್ಲ. ಉದುರಿದ ಕೂದಲು ನಿಜವಾಗಿಯೂ ಉದುರಿತ್ತು.

ಕನ್ನಡದ ಓದುಗನಿಗೆ ಈ ದೃಶ್ಯವನ್ನು ನೆನೆದಾಗ ಎರಡು ಚಿತ್ರಗಳು ಒಟ್ಟಿಗೇ ಮನಸ್ಸಿಗೆ ಬರುತ್ತವೆ. ಒಂದು, ತುಂಬಿದ ಸಭೆಯಲ್ಲಿ ಮುಡಿ ಹಿಡಿದೆಳೆಸಿಕೊಂಡ ದ್ರೌಪದಿಯದು. ಬಿಚ್ಚಿದ ಆ ಮುಡಿಗಾಗಿಯೇ ಒಂದು ಮಹಾಯುದ್ಧ ನಡೆದು, ಕೌರವನ ತೊಡೆ ಮುರಿದ ಮೇಲೆ ಭೀಮನು ಅದನ್ನು ಕಟ್ಟುವುದನ್ನು ರನ್ನನ ‘ಗದಾಯುದ್ಧ’ ಓದಿದವರೆಲ್ಲ ಬಲ್ಲರು. ಇನ್ನೊಂದು ಚಿತ್ರ ಕಾವ್ಯದ್ದಲ್ಲ, ಹಿತ್ತಿಲ ಬಾಗಿಲಿನದು. ಗಂಡ ಸತ್ತನೆಂಬ ಒಂದೇ ಅಪರಾಧಕ್ಕೆ ತಲೆಗೂದಲನ್ನು ತೆಗೆಸಿಕೊಂಡು, ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲೆಳೆದು, ಮೂಲೆಯ ಕೋಣೆಯಲ್ಲಿ ಬಾಳು ಸವೆಸಿದ ಮಡಿ ಹೆಂಗಸರನ್ನು ಈ ಕರಾವಳಿಯ ಹಲವು ಮನೆಗಳು ಕಂಡಿವೆ. ಅವರ ಕೂದಲನ್ನು ಪಣವಾಗಿ ಇಟ್ಟವರು ಅವರಲ್ಲ; ಸೋತವರೂ ಅವರಲ್ಲ. ಮತ್ತೆ ಆಡಿ ಗೆಲ್ಲುವ ಅವಕಾಶವಂತೂ ಇರಲೇ ಇಲ್ಲ.

ಚಿಗುಸಾಳಿಗೆ ಆ ಅವಕಾಶವಿತ್ತು. ೧೯೮೬ರ ನವೆಂಬರ್ ೭ರಂದು ಅದೇ ಓಸಾಕಾದ ಅದೇ ಸಭಾಂಗಣದಲ್ಲಿ ಅದೇ ಪಣವಿಟ್ಟು ಆಕೆ ಮತ್ತೆ ಹೋರಾಡಿದಳು; ಈ ಸಲ ಬೋಳಾದುದು ಮತ್ಸುಮೊತೊಳ ತಲೆ. ತನ್ನ ಮುಡಿಗೆ ತಾನೇ ಹೊಣೆಯಾದವಳ ಸೇಡು ಇದು. ಭೀಮನ ಬರವನ್ನು ಕಾಯಬೇಕಾದ ಗತಿ ಇಲ್ಲಿರಲಿಲ್ಲ. ಕಟ್ಟಿದ ಕಥೆಯೇ ಆಗಿರಲಿ, ಅಂಥ ಕಥೆಯನ್ನು ಕಟ್ಟಬಹುದೆಂದು ಹುಡುಗಿಯರಿಗೆ ತೋರಿದ್ದು ಸಾಮಾನ್ಯ ಸಂಗತಿಯಲ್ಲ.

ಪ್ರತಿನಾಯಕಿಯ ಪಾಡನ್ನೂ ಇಲ್ಲಿ ನೆನೆಯಬೇಕು. ಹೊನ್ನಾವರ ತಾಲ್ಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಕೀಚಕನಾಗಿ, ಭಸ್ಮಾಸುರನಾಗಿ, ದುಷ್ಟಬುದ್ಧಿಯಾಗಿ ಕುಣಿದು ಹೆಸರಾದವರು. ೨೦೧೨ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಯಕ್ಷಗಾನದ ಕಲಾವಿದರೊಬ್ಬರಿಗೆ ಸಂದ ಮೊದಲ ಪದ್ಮಶ್ರೀ ಅದು. ೨೦೧೭ರಲ್ಲಿ ಅವರು ತೀರಿಕೊಂಡಾಗ ಅತ್ತವರು, ಕೀಚಕನಿಗಾಗಿ ಅತ್ತವರೇ. ಬೆಳಗಾಗಿ ಬಣ್ಣ ತೆಗೆದು ಚೌಕಿಯಿಂದ ಹೊರಬಂದ ಕೀಚಕನಿಗೆ ನಮ್ಮ ಜನ ಚಹಾ ಕೊಟ್ಟು ಕುಶಲ ಕೇಳುತ್ತಾರೆ. ಆಟದ ಸಿಟ್ಟು ಆಟದೊಡನೆ ಮುಗಿಯುತ್ತದೆ. ಮತ್ಸುಮೊತೊಳಿಗೆ ಆ ಭಾಗ್ಯವಿರಲಿಲ್ಲ. ರಂಗದ ಹಗೆಯನ್ನು ಜನ ಆಕೆಯ ಮನೆಬಾಗಿಲಿಗೂ ಹೊತ್ತು ತಂದರು. ಈಚಿನ ದಿನಗಳಲ್ಲಿ ಈ ರೋಗ ಇನ್ನೂ ಉಲ್ಬಣಿಸಿದೆ. ಹಾನಾ ಕಿಮುರಾ ಎಂಬ ತರುಣ ಮಲ್ಲೆ ಟೆಲಿವಿಷನ್ ಕಾರ್ಯಕ್ರಮವೊಂದರಲ್ಲಿ ಸಿಟ್ಟಾದುದನ್ನೇ ನೆಪಮಾಡಿಕೊಂಡು, ಮುಖ ತೋರದ ಜನ ಅಂತರ್ಜಾಲದಲ್ಲಿ ಆಕೆಯ ಮೇಲೆ ಬೈಗುಳದ ಮಳೆಗರೆದರು. ೨೦೨೦ರ ಮೇ ತಿಂಗಳಿನಲ್ಲಿ, ೨೨ನೆಯ ವಯಸ್ಸಿನಲ್ಲಿ, ಆಕೆ ತನ್ನ ಪ್ರಾಣವನ್ನೇ ತೆಗೆದುಕೊಂಡಳು. ೨೦೨೨ರಲ್ಲಿ ಜಪಾನಿನ ಸಂಸತ್ತು ಅವಹೇಳನದ ಅಪರಾಧಕ್ಕಿದ್ದ ಶಿಕ್ಷೆಯನ್ನು ಹೆಚ್ಚಿಸಿತು. ವೇಷವನ್ನೂ ವ್ಯಕ್ತಿಯನ್ನೂ ಬೇರೆಯಾಗಿ ಕಾಣುವ ಕಣ್ಣು ಪ್ರೇಕ್ಷಕನಿಗೆ ಇಲ್ಲದೆ ಹೋದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಬೇಕಿಲ್ಲ. ರಸಿಕತೆಯೆಂಬುದು ಬರಿಯ ಸುಖವಲ್ಲ, ಅದೂ ಒಂದು ಧರ್ಮ.

ಇನ್ನು, ಮುಂದೆ ಹೇಳುತ್ತೇನೆಂದ ಆ ಕಟ್ಟಳೆಗೆ ಬರೋಣ. ಆ ಸಂಸ್ಥೆಯಲ್ಲಿ ಹೆಣ್ಣೊಬ್ಬಳು ಇಪ್ಪತ್ತೈದು, ಇಪ್ಪತ್ತಾರರ ಸುಮಾರಿಗೆ ನಿವೃತ್ತಳಾಗಲೇಬೇಕೆಂಬುದು ಅಲಿಖಿತ ಶಾಸನವಾಗಿತ್ತು. ಬಲ ಕುಂದಿತೆಂದಲ್ಲ, ಆಟ ಮರೆತಿತೆಂದಲ್ಲ. ಹೊಸಬರಿಗೆ ಎಡೆಯಾಗಬೇಕು, ಹೋದವಳು ಮದುವೆಯಾಗಿ ಮನೆ ನಡೆಸಬೇಕು ಎಂಬ ಲೆಕ್ಕ. ಗಂಡು ಮಲ್ಲರು ನಲವತ್ತು ದಾಟಿಯೂ ಅಟ್ಟದ ಮೇಲಿರುತ್ತಿದ್ದ ದೇಶದಲ್ಲಿ ಹೆಣ್ಣಿನ ಪರಾಕ್ರಮಕ್ಕೆ ಮಾತ್ರ ಪಂಚಾಂಗವಿತ್ತು. ಮತ್ಸುಮೊತೊ ೧೯೮೮ರಲ್ಲಿ ಹೊರನಡೆದಳು. ಚಿಗುಸಾ ೧೯೮೯ರ ಮೇ ತಿಂಗಳಿನಲ್ಲಿ ಯೊಕೊಹಾಮಾ ನಗರದಲ್ಲಿ ಬೀಳ್ಕೊಂಡಳು. ಆಗ ಆಕೆಗೆ ವಯಸ್ಸು ಕೇವಲ ೨೪.

ಈ ಕಟ್ಟಳೆಯನ್ನು ಓದಿದಾಗ ತರಗತಿಯ ಒಂದು ಸಂದರ್ಭ ನನಗೆ ನೆನಪಾಯಿತು. ಲಕ್ಷ್ಮೀಶನ ‘ಜೈಮಿನಿ ಭಾರತ’ದ ಪ್ರಮೀಳೆಯ ಪ್ರಸಂಗವನ್ನು ಪಾಠ ಹೇಳುತ್ತಿದ್ದೆ. ಅಶ್ವಮೇಧದ ಕುದುರೆ ಸ್ತ್ರೀರಾಜ್ಯವನ್ನು ಹೊಕ್ಕಿದೆ. ರಾಣಿ ಪ್ರಮೀಳೆ ಅದನ್ನು ಕಟ್ಟಿಹಾಕಿ, ಪಾರ್ಥನಿಗೇ ಎದುರಾಗಿದ್ದಾಳೆ. ಕೊನೆಗೆ ಆ ಕಾಳಗ ಮದುವೆಯ ಮಾತಿನಲ್ಲಿ ಮುಗಿಯುತ್ತದೆ. ಪಾಠ ಮುಗಿಸಿ ಪುಸ್ತಕ ಮಡಚುವಾಗ, ಕಡಲಕರೆಯ ಊರಿನಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, “ಸಾರ್, ಆಮೇಲೆ ಪ್ರಮೀಳೆ ಯುದ್ಧ ಮಾಡಲೇ ಇಲ್ಲವೆ?” ಎಂದು ಕೇಳಿದಳು. ತರಗತಿ ನಕ್ಕಿತು. ಅವಳು ನಗಲಿಲ್ಲ. ಯಕ್ಷಗಾನದ ಮೀನಾಕ್ಷಿಯನ್ನು ತೆಗೆದುಕೊಂಡರೂ ಕಥೆ ಹೀಗೆಯೇ. ದಿಕ್ಕುಗಳನ್ನೆಲ್ಲ ಗೆದ್ದ ವೀರೆ ಶಿವನೆದುರು ನಿಂತೊಡನೆ ಬಿಲ್ಲು ಕೆಳಗಿಳಿಯುತ್ತದೆ. ಪ್ರಸಂಗದ ಹೆಸರೇ ಕಲ್ಯಾಣ. ಹೆಣ್ಣಿನ ಬಲವನ್ನು ಕೊಂಡಾಡುವುದರಲ್ಲಿ ನಮ್ಮ ಕವಿಗಳು ಜಿಪುಣರಲ್ಲ. ಆದರೆ ಆ ಬಲದ ಕಥೆಗೆ ಮುಕ್ತಾಯವನ್ನು ಮಾತ್ರ ಅವರು ಒಂದೇ ಬಗೆಯಾಗಿ ಬರೆದರು.

ಕಾವ್ಯದ ಪ್ರಮೀಳೆಯಂಥ ಹೆಣ್ಣು ಈ ನೆಲದಲ್ಲಿ ನಿಜವಾಗಿಯೂ ಇದ್ದಳು. ಹೆಸರು ಹಮೀದಾ ಬಾನು. ಮಿರ್ಜಾಪುರದಲ್ಲಿ ಹುಟ್ಟಿ, ಅಲೀಗಢದಲ್ಲಿ ಸಲಾಂ ಪೈಲ್ವಾನನ ಬಳಿ ಕುಸ್ತಿ ಕಲಿತವಳು. ತನ್ನನ್ನು ಕುಸ್ತಿಯಲ್ಲಿ ಗೆದ್ದವನನ್ನೇ ಮದುವೆಯಾಗುವೆನೆಂದು ೧೯೫೪ರ ಫೆಬ್ರುವರಿಯಲ್ಲಿ ಗಂಡಸರಿಗೆ ಪಂಥಾಹ್ವಾನ ಕೊಟ್ಟಳು. ಪಟಿಯಾಲದವನೊಬ್ಬ, ಕಲಕತ್ತೆಯವನೊಬ್ಬ ಬಂದು ಸೋತುಹೋದರು. ಮೇ ತಿಂಗಳಿನಲ್ಲಿ ಬಡೋದೆಯಲ್ಲಿ ಬಾಬಾ ಪೈಲ್ವಾನನನ್ನು ಆಕೆ ಚಿತ್ ಮಾಡಲು ತಗುಲಿದ್ದು ೧ ನಿಮಿಷ ೩೪ ಸೆಕೆಂಡು. ಅದೇ ವರ್ಷ ಮುಂಬಯಿಯಲ್ಲಿ ವೆರಾ ಚಿಸ್ತಿಲಿನ್ ಎಂಬ ರಷ್ಯದ ಮಲ್ಲೆಯನ್ನು ಒಂದು ನಿಮಿಷದೊಳಗೆ ಕೆಡವಿದಳು. ಬರ್ಕ್ ಜಪಾನಿಗೆ ಕಾಲಿಟ್ಟುದೂ ಇದೇ ವರ್ಷದಲ್ಲಿ ಎಂಬುದನ್ನು ವಾಚಕರು ಗಮನಿಸಬೇಕು. ಎರಡು ದೇಶಗಳಲ್ಲಿ ಒಂದೇ ಬೀಜ ಒಂದೇ ಮಳೆಗೆ ಕಾದಿತ್ತು.

ಆಗ ನಮ್ಮ ಜಿಲ್ಲೆ ಮೈಸೂರಿನದಾಗಿರಲಿಲ್ಲ. ೧೮೬೨ರಿಂದ ೧೯೫೬ರ ಅಕ್ಟೋಬರ್ ಕೊನೆಯವರೆಗೆ ಭಟ್ಕಳ, ಹೊನ್ನಾವರ, ಕುಮಟೆಗಳು ಮುಂಬಯಿ ಆಡಳಿತಕ್ಕೆ ಸೇರಿದ್ದವು. ಆ ಮುಂಬಯಿ ರಾಜ್ಯದಲ್ಲಿ ಹಮೀದಾಳ ಕುಸ್ತಿಗಳಿಗೆ ತಡೆ ಬಿತ್ತು. ಆಕೆ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿಯವರಿಗೆ ದೂರಿತ್ತಾಗ, ತಡೆದದ್ದು ಹೆಣ್ಣೆಂಬ ಕಾರಣಕ್ಕಲ್ಲ, ಎದುರಾಳಿಗಳಾಗಿ ಹುಸಿ ಪೈಲ್ವಾನರನ್ನು ನಿಲ್ಲಿಸಲಾಗುತ್ತಿದೆಯೆಂಬ ದೂರುಗಳಿಂದಾಗಿ ಎಂಬ ಉತ್ತರ ಬಂದಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಕಟ್ಟಿದ ಕುಸ್ತಿಯನ್ನು ಜಪಾನಿಗರು ಕಲೆಯೆಂದು ಒಪ್ಪಿ, ಅದಕ್ಕೊಂದು ರಂಗಸ್ಥಳ ಕಟ್ಟಿದರು. ನಾವು ಅದನ್ನು ವಂಚನೆಯೆಂದು ಕರೆದು ಬಾಗಿಲು ಹಾಕಿದೆವು. ಹಮೀದಾಳ ಕುಸ್ತಿ ನಿಜವಾಗಿದ್ದರೆ ಆಕೆಗೆ ಅನ್ಯಾಯವಾಯಿತು. ಆಟವಾಗಿದ್ದರೆ, ಇರುಳೆಲ್ಲ ಆಟ ನೋಡುವ ನಾವು ಆಕೆಯೊಬ್ಬಳನ್ನೇ ಹಳಿಯಲು ತಕ್ಕವರಲ್ಲ.

ಆಕೆಯ ಕೊನೆ ಕರುಣಾಜನಕ. ಯುರೋಪಿಗೆ ಹೋಗಿ ಸೆಣಸುವೆನೆಂದು ಹೊರಟವಳನ್ನು ತಡೆಯಲು ಸಲಾಂ ಪೈಲ್ವಾನನೇ ಆಕೆಯ ಕೈಗಳನ್ನು ಮುರಿದನೆಂದು ಮನೆಯವರು ಹೇಳಿದ್ದಾರೆ. ಮುಂದೆ ಮುಂಬಯಿಯ ಸಮೀಪದ ಕಲ್ಯಾಣದಲ್ಲಿ ಹಾಲು ಮಾರಿ, ದಾರಿಬದಿಯಲ್ಲಿ ತಿಂಡಿ ಮಾರಿ ಬದುಕಿ, ೧೯೮೬ರಲ್ಲಿ ಕಣ್ಣುಮುಚ್ಚಿದಳು. ಓಸಾಕಾದಲ್ಲಿ ಚಿಗುಸಾ ತನ್ನ ಮುಡಿಯ ಸೇಡು ತೀರಿಸಿಕೊಂಡ ವರ್ಷವೂ ಅದೇ.

ಹೆಣ್ಣಿನ ಪರಾಕ್ರಮಕ್ಕೆ ಕೊನೆಯನ್ನು ಬರೆಯುವ ಲೇಖನಿ ಕವಿಯ ಕೈಯಲ್ಲಿತ್ತು, ಗುರುವಿನ ಕೈಯಲ್ಲಿತ್ತು, ಯಜಮಾನನ ಕೈಯಲ್ಲಿತ್ತು. ಚಿಗುಸಾಳ ಹಿರಿಮೆಯೆಂದರೆ ಆಕೆ ಅದನ್ನು ಕಿತ್ತುಕೊಂಡದ್ದು. ೧೯೯೩ರಲ್ಲಿ, ನಿವೃತ್ತಿಯ ಶಾಸನವನ್ನು ಮೀರಿ, ಆಕೆ ಮತ್ತೆ ಅಟ್ಟವೇರಿದಳು. ಅಷ್ಟಕ್ಕೇ ನಿಲ್ಲದೆ, ಭೂದೇವಿಗೆ ಗ್ರೀಕರಿಟ್ಟ ಹೆಸರನ್ನು ಹೊತ್ತ ‘ಗಾಯಾ ಜಪಾನ್’ ಎಂಬ ಸಂಸ್ಥೆಯನ್ನು ತಾನೇ ಕಟ್ಟಿದಳು. ಅದರ ಮೊದಲ ಆಟ ೧೯೯೫ರ ಏಪ್ರಿಲಿನಲ್ಲಿ ನಡೆಯಿತು. ಕಟ್ಟಳೆಯ ಬೇಲಿ ಒಮ್ಮೆ ಮುರಿದ ಮೇಲೆ ಇತರರಿಗೂ ದಾರಿಯಾಯಿತು. ೧೯೮೭ರಲ್ಲಿ ಅಟ್ಟವೇರಿದ ಮನಾಮಿ ತೊಯೊತಾ ೨೦೧೭ರ ನವೆಂಬರಿನವರೆಗೆ, ಮೂವತ್ತು ವರ್ಷ ಕಾಲ, ಸೆಣಸಿದಳು. ಮತ್ಸುನಾಗಾ ಸೋದರರ ಸಂಸ್ಥೆಯೇ ೨೦೦೫ರಲ್ಲಿ ಮುಚ್ಚಿಹೋಯಿತು. ಅದು ಮುದುಕಿಯರೆಂದು ಕಳುಹಿಸಿಕೊಟ್ಟ ಹೆಂಗಸರು ಆಮೇಲೂ ಕಣದಲ್ಲಿದ್ದರು.

ಇಷ್ಟು ಹೇಳಿ ನಿಲ್ಲಿಸಿದರೆ ಸ್ತೋತ್ರವಾದೀತು, ಚರಿತ್ರೆಯಾಗಲಾರದು. ಕಿಮ್ ಲಾಂಗಿನೊಟ್ಟೊ ಮತ್ತು ಜೇನೊ ವಿಲಿಯಮ್ಸ್ ಎಂಬಿಬ್ಬರು ೨೦೦೦ದಲ್ಲಿ ‘ಗಾಯಾ ಗರ್ಲ್ಸ್’ ಎಂಬ ಸಾಕ್ಷ್ಯಚಿತ್ರವನ್ನು ತೆಗೆದರು. ಅದರಲ್ಲಿ ಗುರುವಿನ ಸ್ಥಾನದಲ್ಲಿರುವ ಚಿಗುಸಾ ಕಾಣುತ್ತಾಳೆ. ಪರೀಕ್ಷೆಯಲ್ಲಿ ಸೋತ ಶಿಷ್ಯೆಯೊಬ್ಬಳ ಕೆನ್ನೆಗೆ ಆಕೆ ಹೊಡೆಯುವುದನ್ನು, ಹುಡುಗಿಯ ಬಾಯಿಂದ ನೆತ್ತರು ಬರುವುದನ್ನು ನೋಡಿದವರಿಗೆ ಮೈ ಜುಮ್ಮೆನ್ನುತ್ತದೆ. ಆ ಹುಡುಗಿ ಕೊನೆಗೆ ತೇರ್ಗಡೆಯಾಗಿ ಅಟ್ಟವೇರಿದಳೆಂಬುದು ನಿಜ. ಆದರೂ ತಂದೆಯ ಕಾಠಿಣ್ಯ, ಯಜಮಾನರ ಕಾಠಿಣ್ಯ ಇವುಗಳನ್ನು ಉಂಡು ಬೆಳೆದವಳು ಅದನ್ನೇ ಬಡಿಸಿದಳಲ್ಲವೆ ಎಂಬ ಪ್ರಶ್ನೆ ಉಳಿಯುತ್ತದೆ. ಲೇಖನಿಯನ್ನು ಕಿತ್ತುಕೊಂಡವರು ಹಳೆಯ ಅಕ್ಷರಗಳನ್ನೇ ಮತ್ತೆ ಬರೆಯುವ ಅಪಾಯ ಎಲ್ಲ ಕ್ಷೇತ್ರಗಳಲ್ಲಿಯೂ ಇದೆ. ಅಧ್ಯಾಪಕ ವೃತ್ತಿಯಲ್ಲಿರುವ ನನ್ನಂಥವರಿಗೆ ಇದು ಹೊರಗಿನ ಮಾತಲ್ಲ.

ಅದರೊಡನೆ ಇನ್ನೊಂದು ಸಂಗತಿಯನ್ನೂ ತೂಗಬೇಕು. ೨೦೧೮ರ ನವೆಂಬರಿನಲ್ಲಿ ಸಪ್ಪೊರೊ ನಗರದಲ್ಲಿ ಗಂಡಸೊಬ್ಬ ಹೆಂಗಸೊಬ್ಬಳನ್ನು ಹೊಡೆಯುತ್ತಿದ್ದುದನ್ನು ಕಂಡು, ೫೪ರ ಚಿಗುಸಾ ನಡುವೆ ಹೋಗಿ ನಿಂತಳು. ಆತ ಆಕೆಯ ಮುಡಿಯನ್ನೇ ಹಿಡಿದೆಳೆದ, ಕೈಬೆರಳಿಗೂ ಪೆಟ್ಟಾಯಿತು. ಕ್ಷಣಮಾತ್ರದಲ್ಲಿ ಅವನನ್ನು ನೆಲಕ್ಕೆ ಕೆಡಹಬಲ್ಲವಳು ಕೈಯೆತ್ತಲಿಲ್ಲ. ಪೊಲೀಸರು ಬರುವವರೆಗೆ ತಾಳಿಕೊಂಡಳು. ತನ್ನ ಕೈ ವೃತ್ತಿಗೆ ಮೀಸಲಾದುದು, ಬೀದಿಯ ಜಗಳಕ್ಕಲ್ಲ ಎಂಬುದು ಆಕೆಯ ನಿಲುವು. ಅಟ್ಟದ ಮೇಲೆ ಕೋಪವನ್ನು ನಟಿಸಿದವಳು ಅಟ್ಟದ ಕೆಳಗೆ ಕೋಪವನ್ನು ಗೆದ್ದಳು. ವೇಷಕ್ಕೂ ವ್ಯಕ್ತಿಗೂ ನಡುವಣ ಗೆರೆಯನ್ನು ಇಷ್ಟು ಚೆನ್ನಾಗಿ ಬಲ್ಲವರು ವಿರಳ.

೨೦೦೫ರಲ್ಲಿ ಗಾಯಾ ಸಂಸ್ಥೆಯೂ ಮುಚ್ಚಿತು. ಚಿಗುಸಾ ೨೦೧೪ರಲ್ಲಿ ‘ಮಾರ್ವೆಲಸ್’ ಎಂಬ ಇನ್ನೊಂದನ್ನು ತೆರೆದಳು. ೨೦೨೪ರ ಸೆಪ್ಟೆಂಬರಿನಲ್ಲಿ ಮತ್ಸುಮೊತೊಳ ಬಾಳನ್ನು ಕುರಿತ ಧಾರಾವಾಹಿಯೊಂದು ನೆಟ್‌ಫ್ಲಿಕ್ಸಿನಲ್ಲಿ ಬಂದಿತು. ಅದರಲ್ಲಿ ನಟಿಯರಿಗೆ ಸೆಣಸಾಟದ ಪಟ್ಟುಗಳ ಮೇಲ್ವಿಚಾರಣೆ ಮಾಡಿದವಳು, ಅಂದು ತಲೆ ಬೋಳಿಸಿಕೊಂಡ ಚಿಗುಸಾಳೇ. ಹಗೆಯ ಕಥೆಯನ್ನು ಹೇಳಲು ಹಗೆಯವಳೇ ನೆರವಾದಳೆಂದರೆ, ಅದು ಹಗೆಯಾಗಿರಲಿಲ್ಲ, ಒಂದೇ ಮೇಳದ ಇಬ್ಬರ ಜೋಡುವೇಷವಾಗಿತ್ತು ಎಂದಲ್ಲವೆ?

ಈ ಕಥೆಯ ಬೆಳಕಿನಲ್ಲಿ ನಮ್ಮ ಕರೆಯನ್ನು ಒಮ್ಮೆ ತಿರುಗಿ ನೋಡೋಣ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ ಅಲ್ಲಿ ಗಂಡುಮಕ್ಕಳ ೨೩ ಶಾಲೆಗಳ ಜೊತೆಗೆ ಹೆಣ್ಣುಮಕ್ಕಳ ೧೩ ಶಾಲೆಗಳನ್ನು ಕಂಡು, ಇಂಥದನ್ನು ಬೇರೆಲ್ಲಿಯೂ ಕಂಡಿಲ್ಲವೆಂದು ಬರೆದಿಟ್ಟ. ಭಟ್ಕಳದ ಬಂದರಿನಲ್ಲಿ ಇಳಿದ ಅರಬ್ಬೀ ಕುದುರೆಗಳು 
ಘಟ್ಟ ಹತ್ತಿ ವಿಜಯನಗರವನ್ನು ಸೇರುತ್ತಿದ್ದ ಕಾಲದಲ್ಲಿ, ಆ ವ್ಯಾಪಾರದಲ್ಲಿದ್ದ ಪೋರ್ತುಗೀಜ ನೂನಿಜ್ ಅರಮನೆಯಲ್ಲಿ ಕುಸ್ತಿಯಾಡುವ ಹೆಂಗಸರೂ ಇದ್ದರೆಂದು ದಾಖಲಿಸಿದ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿ ಸುಮಾರು ಅರ್ಧ ಶತಮಾನ ಕಾಲ ಆಳಿ, ‘ಕಾಳುಮೆಣಸಿನ ರಾಣಿ’ ಎಂದು ಪೋರ್ತುಗೀಜರಿಂದ ಕರೆಸಿಕೊಂಡಳು. ಇಂಥ ನೆಲದ ಯಕ್ಷಗಾನದಲ್ಲಿಯೂ ಪ್ರಮೀಳೆಯ ವೇಷವನ್ನು ಬಹುಕಾಲ ಗಂಡಸರೇ ಹಾಕಿದರು. ಈಗೀಗ ಹೆಂಗಸರು ಗೆಜ್ಜೆ ಕಟ್ಟುತ್ತಿದ್ದಾರೆ, ತಂಡ ಕಟ್ಟುತ್ತಿದ್ದಾರೆ. ಘಟ್ಟದ ಮೇಲಿನ ಹಳಿಯಾಳದಲ್ಲಿ ಸಿದ್ದಿ ಹುಡುಗಿಯರು ಕುಸ್ತಿಯ ಅಖಾಡಕ್ಕಿಳಿದು ರಾಜ್ಯದ ಹೊರಗೂ ಸೆಣಸಿದ್ದಾರೆ. ಒಲಿಂಪಿಕ್ ಕ್ರೀಡೆಗಳಲ್ಲಿ ಹೆಂಗಸರ ಕುಸ್ತಿಗೆ ೨೦೦೪ರಲ್ಲಿ ಎಡೆ ದೊರೆಯಿತು. ೨೦೧೬ರಲ್ಲಿ ಸಾಕ್ಷಿ ಮಲಿಕ್ ಭಾರತಕ್ಕೆ ಕಂಚು ತಂದಳು. ೨೦೨೪ರ ಆಗಸ್ಟ್ ೬ರಂದು ಪ್ಯಾರಿಸ್ಸಿನಲ್ಲಿ ವಿನೇಶ್ ಫೋಗಟ್, ಜಪಾನಿನ ಯುಯಿ ಸುಸಾಕಿಯನ್ನು ಸೋಲಿಸಿದಳು; ಮರುದಿನ ನೂರು ಗ್ರಾಂ ತೂಕ ಹೆಚ್ಚಾಯಿತೆಂದು ಅಂತಿಮ ಸ್ಪರ್ಧೆಯನ್ನೇ ಕಳೆದುಕೊಂಡಳು.

ಸೋಲು ಗೆಲುವುಗಳು ಮೊದಲೇ ಗೊತ್ತಿರುವ ಆಟವಾಗಲಿ, ಕೊನೆಯ ಕ್ಷಣದವರೆಗೂ ಗೊತ್ತಿಲ್ಲದ ಪಂದ್ಯವಾಗಲಿ, ಹೆಣ್ಣು ಅದರೊಳಗೆ ಇಳಿದಾಗ ಕೇಳಬೇಕಾದ ಪ್ರಶ್ನೆ ಒಂದೇ. ಆಕೆ ಎಂದು ನಿಲ್ಲಿಸಬೇಕೆಂಬುದನ್ನು ಗೊತ್ತುಮಾಡುವವರು ಯಾರು? ಈ ಪ್ರಶ್ನೆಯನ್ನು ನಮ್ಮ ಹಳೆಯ ಕಾವ್ಯ ಕೇಳಲಿಲ್ಲ. ತರಗತಿಯಲ್ಲಿ ಎದ್ದುನಿಂತ ಆ ಹುಡುಗಿ ಕೇಳಿದಳು. ಆಮೇಲೆ ಪ್ರಮೀಳೆ ಏನು ಮಾಡಿದಳೆಂಬುದನ್ನು ಲಕ್ಷ್ಮೀಶನು ಹೇಳಿಲ್ಲವೆಂದಷ್ಟೆ ಅಂದು ಅವಳಿಗೆ ಉತ್ತರ ಕೊಟ್ಟಿದ್ದೆ. ಉಳಿದದ್ದನ್ನು ಅವಳೂ ಅವಳ ಓರಗೆಯವರೂ ಬರೆಯಬೇಕಾಗಿದೆ. ಬರೆಯುವಾಗ ಕೈಹಿಡಿದು ತಿದ್ದುವ ಆತುರ ಮಾತ್ರ ನಮಗೆ ಬೇಡ.